ಬೆಟ್ಟ ಹತ್ತುವ ದಮ್ಮು ಈಜುಕೊಳದಲ್ಲಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನನಗೆ 42 ವರ್ಷ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸವಿದೆ, ದಾರಿಯಲ್ಲಿ ಸಿಗುವ ನಂದಿ ವಿಗ್ರಹದ ಹತ್ತಿರವೂ ಸುಧಾರಿಸಿಕೊಳ್ಳಲು ಕೂರುವುದಿಲ್ಲ. ಈಗ ಸರಸ್ವತಿಪುರಂ ಈಜುಕೊಳಕ್ಕೆ ಸೇರಿದ್ದೇನೆ. ಅರ್ಧ ದೂರ ಹೋಗುವಷ್ಟರಲ್ಲಿ ಏದುಸಿರು ಬರುತ್ತದೆ. ದಿನಾ ಸೋತು ಮನೆಗೆ ಬರುವುದೇ ಆಗಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ನಾಳೆಯೂ ಇವತ್ತಿನ ಹಾಗೇ ಈಜುವುದಾದರೆ ಸುಮ್ನೆ ಹೋಗಲೂ ಬೇಡಿ.

ಬೆಟ್ಟದಲ್ಲಿ ಸುಸ್ತಾದರೆ ಹಲ್ಲು ಕಚ್ಚಿ ಇನ್ನಷ್ಟು ಜೋರು ಹಾಕುತ್ತೀರಿ, ಮೇಲೆ ಹೋಗುತ್ತೀರಿ. ನೀರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಮೈ ನೆಟ್ಟಗೆ ಮಲಗಿರದಿದ್ದರೆ ಹಾಕಿದ ಜೋರೆಲ್ಲ ವ್ಯರ್ಥ.

ಉಸಿರಿಗೆಂದು ತಲೆ ಮೇಲೆತ್ತುತ್ತೀರಿ ಅಲ್ವಾ? ಆ ಕೂಡಲೇ ಸೊಂಟ, ಕಾಲು ಕೆಳಗಿಳಿಯುತ್ತವೆ. ಗಾಳಿ ತುಂಬಿದ ಎದೆ ತೇಲುತ್ತದೆ, ಕಾಲು ತೇಲುವುದಿಲ್ಲ. ಮುಳುಗಿತೆಂದು ಕಾಲು ಜೋರಾಗಿ ಬಡಿಯುತ್ತೀರಿ. ತೊಡೆಯ ಮಾಂಸಖಂಡಗಳು ದೊಡ್ಡವು, ಅವು ಎಳೆದುಕೊಳ್ಳುವ ಆಮ್ಲಜನಕವೂ ಜಾಸ್ತಿ. ದಮ್ಮು ಇನ್ನೂ ಬೇಗ ಮುಗಿಯುತ್ತದೆ. ದಡದಲ್ಲಿ ನಿಂತು "ಕಾಲು ಬಡಿ, ಕಾಲು ಬಡಿ" ಎಂದು ಕೂಗುವವರ ಮಾತನ್ನು ಸ್ವಲ್ಪ ದಿನ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಹೊಸಬರು ಮುಖ ನೀರಿಗಿಟ್ಟಾಗ ಉಸಿರು ಹಿಡಿದುಬಿಡುತ್ತಾರೆ. ಆಗ ಎದೆ ಒದ್ದಾಡುವುದು ಮುಖ್ಯವಾಗಿ ಆಮ್ಲಜನಕ ಮುಗಿದದ್ದಕ್ಕಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರಿದ್ದಕ್ಕೆ. ಅದನ್ನು ನೀರೊಳಗೇ ಬಿಡದಿದ್ದರೆ, ಬಾಯಿ ಮೇಲೆ ಬಂದ ಅರೆಗಳಿಗೆಯಲ್ಲಿ ಉಸಿರು ಬಿಡುವುದು, ಎಳೆದುಕೊಳ್ಳುವುದು ಎರಡೂ ಆಗಬೇಕು. ಆಗುವುದಿಲ್ಲ.

ಹಾಗಾಗಿ ನಾಳೆ ಆ ದಡ ಮುಟ್ಟುವ ಯೋಚನೆ ಬಿಡಿ. ಆಳವಿಲ್ಲದ ಕಡೆ ಗೋಡೆ ಹಿಡಿದು, ಮುಖ ನೀರಿಗಿಟ್ಟು, ನಿಧಾನಕ್ಕೆ ಗುಳ್ಳೆ ಬಿಡಿ. ಮುಖವನ್ನು ಪಕ್ಕಕ್ಕೆ ಹೊರಳಿಸಿ ಉಸಿರು ಎಳೆಯಿರಿ, ಎತ್ತಬೇಡಿ. ಮತ್ತೆ ಅದೇ. ಬೇಜಾರು ಬರುತ್ತದೆ, ಪಕ್ಕದಲ್ಲಿ ಮಕ್ಕಳು ಮೀನಿನಂತೆ ಹೋಗುತ್ತಿರುತ್ತಾರೆ, ಹೋಗಲಿ ಬಿಡಿ. ಅದು ಕೂಡಿ ಬಂದ ಮೇಲೆ ಗೋಡೆ ಒದ್ದು, ತಳ ನೋಡುತ್ತಾ ಸುಮ್ಮನೆ ಜಾರಿ. ತಳ ನೋಡುವಾಗ ಕಾಲು ಮೇಲೇ ಇದ್ದು, ಉಸಿರಿಗೆ ಹೋದಾಗ ಮಾತ್ರ ಮುಳುಗಿದರೆ ತಪ್ಪು ತಲೆ ಎತ್ತುವುದರಲ್ಲಿದೆ. ಕಾಲು ಮೇಲಿದ್ದೂ ಎದೆ ಕಟ್ಟಿದರೆ ಗುಳ್ಳೆ ಸಾಲದು. ಒಂದು ದಿನಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೋ ತಿಳಿಯುವುದಿಲ್ಲ.

ಮುಳುಗುವ ಮುಂಚೆ ಬೇಗಬೇಗ ಹತ್ತಾರು ಉಸಿರು ಎಳೆದುಕೊಳ್ಳುವ ಉಪಾಯ ಮಾತ್ರ ಬೇಡ. ಕಾರ್ಬನ್ ಡೈಆಕ್ಸೈಡ್ ಇಳಿದುಹೋಗಿ ಮೈ ಎಚ್ಚರಿಸುವುದೇ ಇಲ್ಲ. ನೀರೊಳಗೇ ಪ್ರಜ್ಞೆ ತಪ್ಪಬಹುದು.

ಮಂಡ್ಯ ಕಡೆಯ ನೆಂಟರಿದ್ದರೆ "ನಾಲೆಗೆ ಇಳಿ, ಎರಡೇ ದಿನಕ್ಕೆ ಕಲೀತೀಯ" ಅಂದಾರು. ವಿಶ್ವೇಶ್ವರಯ್ಯ ನಾಲೆಯಂಥ ಕಡೆ ನೀರೇ ನಿಮ್ಮನ್ನು ಎಳೆದೊಯ್ಯುತ್ತದೆ. ತಲೆ ಎತ್ತಿದರೂ ಮುಂದೆ ಹೋಗುತ್ತೀರಿ, ತಪ್ಪು ಗೊತ್ತೇ ಆಗುವುದಿಲ್ಲ. ಮೇಲೆ ಬರೋಣವೆಂದರೆ ಕಾಂಕ್ರೀಟಿನ ಇಳಿಜಾರಲ್ಲಿ ಪಾಚಿ, ಕೈಗೆ ಹಿಡಿತ ಸಿಗುವುದಿಲ್ಲ. ಲೈಫ್‌ಗಾರ್ಡ್ ಇರುವ ಕೊಳದಲ್ಲೇ ಕಲಿಯಿರಿ.