ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಕೂರಿಸೋರು ಪಂಪ್ ಕಡೆ ಸ್ವಲ್ಪ ನೋಡಿ

ಈಗಿನ ಕಾಲದಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್ ತೆಗೆದು, ಗಾಳಿ ಎಳೆತಕ್ಕೆ ಪೆಟ್ರೋಲ್ ಬೆರೆಸೋ ಹಳೇ ಕಾರ್ಬೊರೇಟರ್ ಹಾಕ್ಸೋರು ಯಾರಪ್ಪಾ ಇದಾರೆ ಅಂತೀರ, ಮೈಸೂರಲ್ಲಿ ಇದಾರೆ. ಕೊಡಗಿನ ಎಸ್ಟೇಟಿಂದ ಇಲಿ ಕಡಿದು ವೈರಿಂಗ್ ಎಲ್ಲಾ ಹಾಳಾಗಿರೋ ಎಂಪಿಎಫ್ಐ (ಅಂದ್ರೆ ಇಂಜೆಕ್ಷನ್) ಜಿಪ್ಸಿ ಬರತ್ತೆ, ಪ್ರೀಮಿಯರ್ ಪದ್ಮಿನಿಗೆ ಎಸ್ಟೀಮ್ ಇಂಜಿನ್ ಕೂರಿಸಿ ಇಸಿಎಂ (ಇಂಜಿನ್ ಕಂಪ್ಯೂಟರ್) ತಲೆನೋವು ಬೇಡ ಅನ್ನೋರು ಬರ್ತಾರೆ, ಆಟೋಕ್ರಾಸ್ ಹುಚ್ಚಿನ ಹುಡುಗ್ರಂತೂ ಎಲ್ಲಿಂದಲೋ ಜೋಡಿ ವೆಬರ್ ಕಾರ್ಬೊರೇಟರ್ ಹುಡುಕಿಕೊಂಡೇ ಬರ್ತಾರೆ. ಕಾರ್ಬೊರೇಟರ್ ತಂದಿರ್ತಾರೆ, ಮ್ಯಾನಿಫೋಲ್ಡ್ ಕೊರೆಸಿರ್ತಾರೆ, ಏರ್ ಫಿಲ್ಟರ್ ಬಣ್ಣ ಕೂಡ ಡಿಸೈಡ್ ಆಗಿರತ್ತೆ, ಟ್ಯಾಂಕಿಂದ ಪೆಟ್ರೋಲ್ ಕಳಿಸೋ ಪಂಪ್ ಯಾವ್ದು ಅಂದ್ರೆ ಮಾತ್ರ ಮುಖ ಮುಖ ನೋಡ್ತಾರೆ. ಮಂಡ್ಯ ಕಡೆಯ ಒಬ್ಬರು ಕೇಳಿದ್ದು ಹಿಂಗೆ: "ಟ್ಯಾಂಕೊಳ್ಗೇ ಒಂದ್ ಪಂಪ್ ಅದಲ್ಲ ಕಣಣ್ಣ, ಚೆನ್ನಾಗೇ ಓಡ್ತಾ ಅದೆ, ಅದ್ನೇ ಮಡಿಕೊಂಡ್ರೆ ಏನಾಯ್ತದೆ?"

ಏನಾಗತ್ತೆ ಅಂದ್ರೆ, ಪೆಟ್ರೋಲ್ ಬಾನೆಟ್ ಒಳಗೆಲ್ಲಾ ಹರಿಯತ್ತೆ.

ಇಂಜೆಕ್ಷನ್ ಪಂಪ್ ಕೆಲಸ ಮಾಡೋದು ಸುಮಾರು 3 ಬಾರ್ ಪ್ರೆಶರಲ್ಲಿ, ಅಂದ್ರೆ 43-44 ಪಿಎಸ್ಐ, ಕೆಲವು ಗಾಡೀಲಿ ಇನ್ನೂ ಜಾಸ್ತಿ. ಕಾರ್ಬೊರೇಟರ್‌ಗೆ ಬೇಕಾಗಿರೋದು 3-4 ಪಿಎಸ್ಐ, ಬಾರ್ ಲೆಕ್ಕದಲ್ಲಿ 0.2ರಿಂದ 0.3. ಯಾಕೆ ಇಷ್ಟು ಕಮ್ಮಿ ಅಂದ್ರೆ ಕಾರ್ಬೊರೇಟರಲ್ಲಿ ಪೆಟ್ರೋಲನ್ನ ತಡೆದು ನಿಲ್ಲಿಸೋದು ಒಂದು ಪುಟ್ಟ ನೀಡಲ್ ವಾಲ್ವ್, ಅದನ್ನ ಮೇಲಕ್ಕೆ ಒತ್ತಿ ಹಿಡಿಯೋದು ತೇಲ್ತಾ ಇರೋ ಫ್ಲೋಟ್, ಅಷ್ಟೇ. ಲೆಕ್ಕ ಹಾಕಿ ನೋಡಿ, ನೀಡಲ್ ಸೀಟ್ ತೂತು 2 ಮಿ.ಮೀ ಇದೆ ಅಂದ್ಕೊಳ್ಳಿ, 0.25 ಬಾರ್ ಪ್ರೆಶರ್‌ಗೆ ಆ ನೀಡಲ್ ಮೇಲೆ ಬೀಳೋ ಒತ್ತಡ ಸುಮಾರು 8 ಗ್ರಾಂ ತೂಕದಷ್ಟು, ಅದೇ 3 ಬಾರ್ ಕೊಟ್ರೆ 95 ಗ್ರಾಂ ದಾಟತ್ತೆ. ಫ್ಲೋಟ್ ಬಡಪಾಯಿ ಅಷ್ಟನ್ನ ಎಲ್ಲಿಂದ ತಡೀಬೇಕು? ನೀಡಲ್ ತೆರ್ಕೊಂಡೇ ಇರತ್ತೆ, ಚೇಂಬರ್ ತುಂಬಿ ವೆಂಟಿಂದ ಉಕ್ಕತ್ತೆ, ಕೆಳಗೆ ಕಾದಿರೋ ಸೈಲೆನ್ಸರ್ ಮ್ಯಾನಿಫೋಲ್ಡ್ ಇದ್ರೆ ಬೆಂಕಿ, ಇಲ್ಲಾಂದ್ರೆ ಪೆಟ್ರೋಲ್ ಸಿಲಿಂಡರ್ ದಾಟಿ ಇಂಜಿನ್ ಕೆಳಗಿನ ಆಯಿಲ್ ಸಂಪ್‌ಗೆ ಇಳಿದು ಇಂಜಿನ್ ಆಯಿಲ್ ನೀರಾಗತ್ತೆ. ಡಿಪ್‌ಸ್ಟಿಕ್ ಮೂಗಿನ ಹತ್ರ ಹಿಡಿದ್ರೇ ಗೊತ್ತಾಗೋಗತ್ತೆ.

ಸರಿ ರೆಗ್ಯುಲೇಟರ್ ಹಾಕಿ ಇಳಿಸೋಣ ಅಂತಾರೆ. ಇಳಿಸಬಹುದು, ಆದ್ರೆ ಮಾರ್ಕೆಟಲ್ಲಿ ಸಿಗೋ ಡಯಲ್ ಇರೋ ಕಾರ್ಬೊರೇಟರ್ ರೆಗ್ಯುಲೇಟರ್‌ಗಳು ಬರೀ ದಾರಿ ಅಡ್ಡಗಟ್ಟೋ ಜಾತಿಯವು, ಹಿಂದುಗಡೆಯಿಂದ 40 ಪಿಎಸ್ಐ ನೂಕಿದ್ರೆ ಅವು ನಿಲ್ಲಲ್ಲ, ನಿಂತ್ರೂ ಪಂಪ್ ಮುಚ್ಚಿದ ಪೈಪ್ ಮೇಲೆ ಒತ್ತಿ ಒತ್ತಿ ಬಿಸಿ ಆಗಿ ಸಾಯತ್ತೆ. ಹೆಚ್ಚಾದ ಪೆಟ್ರೋಲನ್ನ ಟ್ಯಾಂಕಿಗೆ ವಾಪಸ್ ಕಳಿಸೋ, ರಿಟರ್ನ್ ಇರೋ ಬೈಪಾಸ್ ರೆಗ್ಯುಲೇಟರೇ ಬೇಕು. ಅಲ್ಲೂ ಒಂದು ಸಮಸ್ಯೆ ಇದೆ, ಇದನ್ನ ಯಾರೂ ಹೇಳಲ್ಲ: 3 ಬಾರಲ್ಲಿ ಗಂಟೆಗೆ 100 ಲೀಟರ್ ಕೊಡೋ ಪಂಪ್, ಪ್ರೆಶರ್ ಇಳಿಸಿದ ತಕ್ಷಣ ಅದಕ್ಕಿಂತ ಜಾಸ್ತಿ ಹರಿಸೋಕೆ ಶುರು ಮಾಡತ್ತೆ, ಐಡಲಿಂಗಲ್ಲಿ ಅದೆಲ್ಲಾ ರಿಟರ್ನ್ ಪೈಪಲ್ಲೇ ವಾಪಸ್ ಹೋಗ್ಬೇಕು, ಹಳೇ ರಿಟರ್ನ್ ಪೈಪ್ ಸಣ್ಣದಿದ್ರೆ ಪೈಪೇ ತಡೆದು ಅಲ್ಲೇ 5-6 ಪಿಎಸ್ಐ ನಿಂತುಬಿಡತ್ತೆ, ರೆಗ್ಯುಲೇಟರ್ ಸ್ಕ್ರೂ ಎಷ್ಟು ತಿರುಗಿಸಿದ್ರೂ ಕೆಳಗೆ ಬರಲ್ಲ. ಟ್ಯಾಂಕ್ ಒಳಗೇ ರೆಗ್ಯುಲೇಟರ್ ಇರೋ, ಮುಂದಕ್ಕೆ ಒಂದೇ ಪೈಪ್ ಬರೋ ಗಾಡಿಗಳಲ್ಲಿ ರಿಟರ್ನ್ ಪೈಪೇ ಇರಲ್ಲ, ಹೊಸದಾಗಿ ಎಳೀಬೇಕು. ಇಷ್ಟೆಲ್ಲಾ ಮಾಡೋ ಬದ್ಲು ಇಂಜೆಕ್ಷನ್ ಪಂಪ್‌ಗೆ ರಿಟೈರ್ಮೆಂಟ್ ಕೊಡಿ ಅನ್ನೋದು ನನ್ನ ಅಭಿಪ್ರಾಯ.

ಇಂಜಿನಲ್ಲಿ ಜಾಗ ಇದ್ರೆ ಮೆಕ್ಯಾನಿಕಲ್ ಪಂಪ್‌ಗಿಂತ ಒಳ್ಳೇದು ಯಾವ್ದೂ ಇಲ್ಲ. ಕ್ಯಾಮ್‌ಶಾಫ್ಟ್ ತಿರುಗಿದ್ರೆ ಡಯಾಫ್ರಮ್ ಬಡಿಯತ್ತೆ, ಇಂಜಿನ್ ನಿಂತ್ರೆ ತಾನೂ ನಿಲ್ಲತ್ತೆ, ವೈರ್ ಇಲ್ಲ ಫ್ಯೂಸ್ ಇಲ್ಲ. ಆದ್ರೆ ಎಂಪಿಎಫ್ಐ ಹೆಡ್ಡುಗಳಲ್ಲಿ ಆ ಪಂಪ್ ಕೂರೋ ಜಾಗ ಸಾಮಾನ್ಯವಾಗಿ ಇರಲ್ಲ, ಕೆಲವದ್ರಲ್ಲಿ ಪ್ಲೇಟ್ ಹಾಕಿ ಮುಚ್ಚಿರ್ತಾರೆ, ಬಿಚ್ಚಿ ನೋಡಿದ್ರೆ ಒಳಗೆ ಕ್ಯಾಮ್ ಮೇಲೆ ಪಂಪ್ ಬಡಿಯೋ ಉಬ್ಬು, ಅಂದ್ರೆ ಲೋಬೇ ಇರಲ್ಲ. ಪಂಪ್ ಕೊಂಡ್ಕೊಳೋಕೆ ಮುಂಚೆ ಟಾರ್ಚ್ ಬಿಟ್ಟು ನೋಡಿ. ಲೋಬ್ ಇದ್ರೆ ಪಂಪ್ ಕೆಳಗಿನ ದಪ್ಪ ಸ್ಪೇಸರ್ ಮಾತ್ರ ಬಿಡಬೇಡಿ, ಅದು ಬಿಸಿ ತಡೆಯೋದಕ್ಕೂ ಬೇಕು, ಪಂಪಿನ ಸ್ಟ್ರೋಕ್ ಸರಿಯಾಗಿ ಬರೋದಕ್ಕೂ ಬೇಕು.

ಇಲ್ಲ ಅಂದ್ರೆ ಲೋ ಪ್ರೆಶರ್ ಎಲೆಕ್ಟ್ರಿಕ್ ಪಂಪ್, ಟಿಕ್ ಟಿಕ್ ಅನ್ನೋ ಸೋಲೆನಾಯ್ಡ್ ಟೈಪು. ಫೇಸೆಟ್ ಕಂಪನಿಯದ್ರಲ್ಲಿ 1.5ರಿಂದ 4 ಪಿಎಸ್ಐದು ಒಂದು, 4ರಿಂದ 7ರದ್ದು ಇನ್ನೊಂದು ಬರತ್ತೆ, ಹುಡುಗ್ರು ಜಾಸ್ತಿ ನಂಬರ್ ನೋಡಿ ಎರಡನೇದೇ ತರ್ತಾರೆ. ಪ್ರೆಶರ್ ಜಾಸ್ತಿ ಇದ್ರೆ ಪಿಕಪ್ ಜಾಸ್ತಿ ಅನ್ನೋದು ಶುದ್ಧ ಸುಳ್ಳು. ಚೇಂಬರ್ ಖಾಲಿ ಆಗದಂಗೆ ಪೆಟ್ರೋಲ್ ಬರ್ತಾ ಇದ್ರೆ ಕಾರ್ಬೊರೇಟರ್‌ಗೆ ಸಾಕು, ಅದು ಕೇಳೋದು ಲೀಟರ್‌ನ, ಪಿಎಸ್ಐನ ಅಲ್ಲ. ವೆಬರ್ ಸೈಡ್‌ಡ್ರಾಫ್ಟಂತೂ 3.5 ದಾಟಿದ್ರೆ ತೊಟ್ಟಿಕ್ಕೋಕೆ ಶುರು ಮಾಡತ್ತೆ.

ಲೀಟರ್ ಎಷ್ಟು ಬೇಕು? 80 ಎಚ್‌ಪಿ ಇಂಜಿನ್ ಫುಲ್ ಥ್ರಾಟಲಲ್ಲಿ ಗಂಟೆಗೆ ಹತ್ತಿರತ್ತಿರ 18 ಕೆಜಿ ಪೆಟ್ರೋಲ್ ಕುಡಿಯತ್ತೆ, ಅಂದ್ರೆ 25 ಲೀಟರ್. ಇದಕ್ಕೆ ರಿಟರ್ನ್ ಸೇರಿಸಿ. ರಿಟರ್ನ್ ಬೇಕೇ ಬೇಕಾ ಅಂತ ಕೇಳ್ತಾರೆ, ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬೇಕು ಸ್ವಾಮಿ. ಮದ್ದೂರಲ್ಲಿ ವಡೆ ತಿನ್ನೋಕೆ ಅಂತ ನಿಲ್ಲಿಸಿರ್ತೀರ, ಬಾನೆಟ್ ಒಳಗೆ ಗಾಳಿ ಇಲ್ಲ, ಪೈಪಲ್ಲಿ ನಿಂತಿರೋ ಪೆಟ್ರೋಲ್ ಕುದ್ದು ಆವಿ ಆಗಿರತ್ತೆ, ವಾಪಸ್ ಬಂದು ಸೆಲ್ಫ್ ಹೊಡೆದ್ರೆ ಬ್ಯಾಟರಿ ಇಳಿಯತ್ತೆ ಹೊರ್ತು ಗಾಡಿ ಸ್ಟಾರ್ಟ್ ಆಗಲ್ಲ. ಕಾರ್ಬೊರೇಟರ್ ಹತ್ರ ಪೈಪ್‌ಗೆ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಅದರ ಒಂದು ಕಾಲಿಗೆ 1 ಮಿ.ಮೀ ತೂತಿನ ಜೆಟ್ ಕೂರಿಸಿ ಹಳೇ ರಿಟರ್ನ್ ಪೈಪ್‌ಗೆ ಸೇರಿಸಿದ್ರೆ, 3 ಪಿಎಸ್ಐ ಪ್ರೆಶರಲ್ಲಿ ಗಂಟೆಗೆ ಹೆಚ್ಚುಕಮ್ಮಿ 14 ಲೀಟರ್ ಸುತ್ತು ಹೊಡೀತಾ ಇರತ್ತೆ, ಆವಿನೂ ಅದರ ಜೊತೆ ಟ್ಯಾಂಕ್‌ಗೆ ಹೋಗತ್ತೆ. 25 ಪ್ಲಸ್ 14, ನಲವತ್ತರ ಹತ್ರ ಆಯ್ತು, ಪಂಪ್ ಡಬ್ಬದ ಮೇಲೆ ಬರೆದಿರೋ ಲೀಟರ್ ಸಾಮಾನ್ಯವಾಗಿ ಪ್ರೆಶರ್ ಇಲ್ಲದೇ ಸುರಿಯೋ ಲೆಕ್ಕ, ಹಂಗಾಗಿ 60ಕ್ಕಿಂತ ಕಮ್ಮಿದು ತರಬೇಡಿ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿರೋ ಪೆಟ್ರೋಲ್, ನಮ್ಮ ಮಂಡ್ಯದ ಕಬ್ಬಿನ ಬೆಳೆಗಾರರಿಗೆ ಒಳ್ಳೇದಾಗ್ಲಿ ಬೇಡ ಅನ್ನಲ್ಲ, ಆದ್ರೆ ಅದೇ ಗಾಳಿಗೆ ಈ ಪೆಟ್ರೋಲ್ ಹತ್ತಿರತ್ತಿರ 8 ಪರ್ಸೆಂಟ್ ಜಾಸ್ತಿ ಬೇಕು. ಇಂಜೆಕ್ಷನ್ ಗಾಡೀಲಿ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಸರಿ ಮಾಡ್ತಿತ್ತು, ಈಗ ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಜೆಟ್ ದೊಡ್ಡದು ಮಾಡೋದು ನಿಮ್ಮ ತಲೆಗೇ ಬಂತು. ಹಳೇ ರಬ್ಬರ್ ಡಯಾಫ್ರಮ್, ಹಳೇ ಪೈಪುಗಳು ಎಥನಾಲ್‌ಗೆ ಊದಿಕೊಂಡು ಬಿರುಕು ಬಿಡ್ತವೆ, ಮೀಟರ್ ಲೆಕ್ಕದಲ್ಲಿ ಸಿಗೋ ಕಪ್ಪು ಪೈಪ್ ಬೇಡ, ಎಸ್‌ಎಇ ಜೆ30 ಆರ್9 ಅಂತ ಮೇಲೆ ಅಚ್ಚಾಗಿರೋದನ್ನೇ ಕೇಳಿ ತನ್ನಿ.

ಪಂಪ್ ಎಲ್ಲಿ ಫಿಟ್ ಮಾಡೋದು ಅನ್ನೋದೂ ಅಷ್ಟೇ ಮುಖ್ಯ. ಈ ಪಂಪುಗಳು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ವೀಕು. ಬಾನೆಟ್ ಒಳಗೆ ಕೈಗೆ ಸಿಗೋ ಜಾಗದಲ್ಲಿ ಹಾಕಿಬಿಟ್ರೆ ಅಷ್ಟುದ್ದ ಎಳೀತಾ ಎಳೀತಾ ಆವಿನೇ ಕುಡಿಯತ್ತೆ. ಟ್ಯಾಂಕ್ ಪಕ್ಕ, ಟ್ಯಾಂಕಿನ ತಳದ ಮಟ್ಟಕ್ಕೆ, ಸೈಲೆನ್ಸರಿಂದ ದೂರ, ರಬ್ಬರ್ ಬುಷ್ ಮೇಲೆ, ಔಟ್‌ಲೆಟ್ ಮೇಲ್ಮುಖ ಮಾಡಿ, ಪಂಪ್‌ಗೂ ಮುಂಚೆ ಒಂದು ಫಿಲ್ಟರ್. ಇನ್ನೊಂದು, ಟ್ಯಾಂಕ್ ಒಳಗಿನ ಸತ್ತ ಪಂಪನ್ನ ಅಲ್ಲೇ ಬಿಟ್ಟು ಅದರ ಮೂಲಕವೇ ಎಳೀತೀನಿ ಅನ್ನಬೇಡಿ, ಅದರ ಚೆಕ್ ವಾಲ್ವ್ ಟರ್ಬೈನ್ ಎಲ್ಲಾ ದಾರೀಲಿ ಅಡ್ಡ. ಪಂಪ್ ಬಿಚ್ಚಿ ಅಷ್ಟೇ ಉದ್ದದ ಪೈಪ್ ಇಳಿಬಿಟ್ಟು ತುದಿಗೆ ಬಲೆ ಫಿಲ್ಟರ್ ಕಟ್ಟಿ, ರಿಟರ್ನ್ ಹಳೇ ಪಂಪ್ ಕೂತಿದ್ದ ಪುಟ್ಟ ಬಕೆಟ್ ಒಳಗೇ ಬೀಳೋ ಹಾಗೆ ಬಿಡಿ, ಚಾಮುಂಡಿ ಬೆಟ್ಟದ ತಿರುವಲ್ಲಿ ಟ್ಯಾಂಕ್ ಅರ್ಧ ಖಾಲಿ ಇದ್ರೂ ಗಾಡಿ ಮುಗ್ಗರಿಸಲ್ಲ.

ಈಗ ನನಗೆ ಜಾಸ್ತಿ ಭಯ ಇರೋ ವಿಷಯ. ಇಸಿಎಂ ಇದ್ದಾಗ ಕೀ ಆನ್ ಮಾಡಿದ್ರೆ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ತಿತ್ತು, ಇಂಜಿನ್ ತಿರುಗಿದ್ರೆ ಮಾತ್ರ ಮುಂದುವರೀತಿತ್ತು. ಇಸಿಎಂ ಕಿತ್ತ ದಿನ ಆ ಕಾವಲು ಹೋಯ್ತು. ಇಗ್ನಿಷನ್ ವೈರಿಗೆ ನೇರ ಕೊಟ್ಟಿರೋ ಪಂಪ್, ಗಾಡಿ ಪಲ್ಟಿ ಹೊಡೆದು ಪೈಪ್ ಕಿತ್ತೋಗಿದ್ರೂ ಕೀ ಆನ್ ಇರೋ ತನಕ ಪೆಟ್ರೋಲ್ ಸುರೀತಾನೇ ಇರತ್ತೆ. ಸುಮಾರು ಜನ ಆಯಿಲ್ ಪ್ರೆಶರ್ ಲೈಟಿನ ಸ್ವಿಚ್ಚಿಂದ ರಿಲೇ ಓಡಿಸಿ 87ಎ ಪಿನ್ನಿಂದ (ರಿಲೇ ಆಫ್ ಇದ್ದಾಗ ಕರೆಂಟ್ ಕೊಡೋ ಪಿನ್) ಪಂಪ್‌ಗೆ ಕರೆಂಟ್ ಕೊಡ್ತಾರೆ, ಆಯಿಲ್ ಪ್ರೆಶರ್ ಇಲ್ಲದಾಗ ರಿಲೇ ಎಳ್ಕೊಂಡು ಪಂಪ್ ಆಫ್, ಪ್ರೆಶರ್ ಬಂದಾಗ ಆನ್. ಐಡಿಯಾ ಚೆನ್ನಾಗಿದೆ, ಆದ್ರೆ ಸ್ವಿಚ್ಚಿನ ವೈರ್ ತುಂಡಾದ್ರೆ ಪಂಪ್ ಓಡೋ ಕಡೆಗೇ ಬೀಳತ್ತೆ, ಆಕ್ಸಿಡೆಂಟಲ್ಲಿ ತುಂಡಾಗೋದೂ ವೈರೇ. ಅದಕ್ಕಿಂತ ಇಗ್ನಿಷನ್ ಕಾಯಿಲ್ ಪಲ್ಸ್ ನೋಡಿ ಆನ್ ಇರೋ ರಿಲೇ ಹಾಕಿ, ಜೊತೆಗೆ ಗಾಡಿ ಗುದ್ದಿದ್ರೆ ತಾನೇ ಕರೆಂಟ್ ಕಡಿಯೋ, ಹಳೇ ಫೋರ್ಡ್ ಗಾಡಿಯ ಇನರ್ಷಿಯಾ ಸ್ವಿಚ್ ಗುಜರೀಲಿ ಸಿಕ್ಕಿದ್ರೆ ಅದನ್ನೂ ಸೀರೀಸಲ್ಲಿ ಕೊಡಿ. ಫ್ಯೂಸ್ ಕೂಡ ಬದಲಾಯ್ಸಿ, ಈ ಪಂಪ್ ಎಳೆಯೋದು ಒಂದೆರಡು ಆಂಪ್ಸ್, ಹಳೇ 15 ಆಂಪ್ಸ್ ಫ್ಯೂಸ್ ಹಂಗೇ ಬಿಟ್ರೆ ಫ್ಯೂಸ್‌ಗಿಂತ ಮುಂಚೆ ಪಂಪೇ ಸುಡತ್ತೆ, 5 ಸಾಕು.

ಕಾನೂನು ವಿಷಯ ಒಂದೇ ಮಾತು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಲಿ ಇರೋ ವಿವರ ಬದಲಾಗೋ ಥರ ಗಾಡಿ ಮಾರ್ಪಾಡು ಮಾಡಂಗಿಲ್ಲ, ಎಮಿಷನ್ ಟೆಸ್ಟಲ್ಲೂ ಒದ್ದಾಟ. ಟ್ರ್ಯಾಕ್ ಗಾಡಿ, ತೋಟದೊಳಗೆ ಓಡೋ ಗಾಡಿ ಆದ್ರೆ ಮಾಡ್ಕೊಡ್ತೀನಿ, ದಿನಾ ರೋಡಿಗೆ ಇಳಿಯೋ ಗಾಡಿಗೆ ವೈರಿಂಗ್ ರಿಪೇರಿ ಮಾಡ್ಸಿ ಅಂತ ವಾಪಸ್ ಕಳಿಸ್ತೀನಿ, ಎಷ್ಟೋ ಸಲ ಖರ್ಚೂ ಕಮ್ಮಿನೇ ಬೀಳತ್ತೆ.

ಎಲ್ಲಾ ಫಿಟ್ ಆದ್ಮೇಲೆ ಟೆಸ್ಟ್ ಹೀಗೆ ಮಾಡಿ. ಇಂಜಿನ್ ತಣ್ಣಗಿರ್ಲಿ, ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆ ಸಿಗೋ ಹಾಗಿರ್ಲಿ, ಕಾರ್ಬೊರೇಟರ್‌ಗೆ ಹೋಗೋ ಪೈಪ್ ಬಿಚ್ಚಿ ಅಳತೆ ಇರೋ ಕ್ಯಾನ್ ಒಳಗೆ ಇಟ್ಟು, ರಿಲೇ ಬೈಪಾಸ್ ಮಾಡಿ ಪಂಪನ್ನ ಒಂದು ನಿಮಿಷ ಓಡಿಸಿ. ಮುಕ್ಕಾಲು ಲೀಟರ್‌ಗಿಂತ ಕಮ್ಮಿ ಬಂದ್ರೆ ಪಂಪ್ ಬೈಯೋಕೆ ಮುಂಚೆ ಟ್ಯಾಂಕಿನ ಬಲೆ, ಅರ್ತ್ ವೈರ್ ನೋಡಿ. ಆಮೇಲೆ ಪೈಪ್ ಸೇರಿಸಿ ನಡುವೆ ಲೋ ಪ್ರೆಶರ್ ಗೇಜ್ ಹಾಕಿ, 0ರಿಂದ 100 ಪಿಎಸ್ಐದು ಬೇಡ, ಅದ್ರಲ್ಲಿ 3ಕ್ಕೂ 6ಕ್ಕೂ ವ್ಯತ್ಯಾಸನೇ ಕಾಣಲ್ಲ, 15ರ ಗೇಜ್ ತನ್ನಿ. ರಿಟರ್ನ್ ಇಲ್ಲದ ಗಾಡೀಲಿ ಚೇಂಬರ್ ತುಂಬಿದ್ಮೇಲೆ ಟಿಕ್ ಟಿಕ್ ನಿಧಾನ ಆಗಿ ನಿಲ್ಲಬೇಕು, ನಿಲ್ಲದೇ ಹೊಡೀತಿದ್ರೆ ನೀಡಲ್ ಸೋರ್ತಿದೆ ಇಲ್ಲಾ ಟ್ಯಾಂಕ್ ಖಾಲಿ. ರಿಟರ್ನ್ ಇದ್ರೆ ಟಿಕ್ ಟಿಕ್ ನಿಲ್ಲೋದೇ ಇಲ್ಲ, ಅದಕ್ಕೆ ಹೆದರ್ಕೊಂಡು ರಾತ್ರಿ ಫೋನ್ ಮಾಡಬೇಡಿ.