ನೇಪಾಳದಲ್ಲೂ ಒಂದು ಗೋಕರ್ಣ ಇದೆಯಾ?

ಪ್ರಶ್ನೆ: ನಾನು ಕುಮಟಾದವನು. ನೇಪಾಳದಲ್ಲೂ ಗೋಕರ್ಣ ಇದೆಯಂತೆ, ನಿಜವೇ? ಅವರು ನಮ್ಮ ಹೆಸರು ಇಟ್ಟುಕೊಂಡರಾ, ಇಲ್ಲಾ ನಾವೇ ಅವರದ್ದನ್ನಾ?

ನಿಜ. ಕಠ್ಮಂಡುವಿನ ಪಕ್ಕದಲ್ಲೇ, ಬಾಗ್ಮತಿ ಹೊಳೆಯ ದಡದಲ್ಲಿ ಗೋಕರ್ಣೇಶ್ವರ ದೇವಸ್ಥಾನವಿದೆ. ನಮ್ಮಲ್ಲಿ ಕಡಲು, ಅಲ್ಲಿ ಹೊಳೆ. ಉಳಿದದ್ದು ಕೇಳಿದರೆ ಆಶ್ಚರ್ಯವಾಗುತ್ತದೆ. ಚೌತಿಗೆ ಮುಂಚೆ ಬರುವ ಅಮಾವಾಸ್ಯೆಯ ದಿನ, ತಂದೆಯನ್ನು ಕಳೆದುಕೊಂಡವರು ಅಲ್ಲಿಗೆ ಬಂದು ಹೊಳೆಯಲ್ಲಿ ಮಿಂದು ಪಿಂಡ ಇಡುತ್ತಾರೆ. ನಮ್ಮ ಗೋಕರ್ಣಕ್ಕೂ ಜನ ಪಿತೃಕಾರ್ಯಕ್ಕೆ ಬರುತ್ತಾರಲ್ವಾ?

ಯಾರು ಯಾರಿಂದ ತಗೊಂಡರು ಅನ್ನುವುದಕ್ಕೆ ದಾಖಲೆ ಹುಡುಕುವುದಕ್ಕಿಂತ ಪುರಾಣ ನೋಡುವುದೇ ಒಳ್ಳೆಯದು. ವರಾಹ ಪುರಾಣ ಎರಡನ್ನೂ ಒಂದೇ ಕಥೆಯಲ್ಲಿ ತರುತ್ತದೆ. ಜಿಂಕೆಯಾಗಿದ್ದ ಶಿವನನ್ನು ದೇವತೆಗಳು ಹಿಡಿಯಲು ಹೋದಾಗ ಕೊಂಬು ಮೂರು ತುಂಡಾಯಿತು. ಒಂದು ಅಲ್ಲೇ ಉತ್ತರದಲ್ಲಿ ನೆಲೆಯಾಯಿತು. ಇಂದ್ರ ಸ್ವರ್ಗಕ್ಕೆ ಒಯ್ದ ತುಂಡು ರಾವಣನ ಪಾಲಾಯಿತು. ಸಂಧ್ಯಾವಂದನೆಗೆಂದು ಕಡಲ ದಂಡೆಯಲ್ಲಿ ಕೆಳಗಿಟ್ಟಿದ್ದೇ ತಡ, ಮತ್ತೆ ಅಲುಗಲಿಲ್ಲ. ಅದು ದಕ್ಷಿಣ ಗೋಕರ್ಣ. ನಾವು ಚಿಕ್ಕಂದಿನಿಂದ ಕೇಳಿದ ಕಥೆಯೇ, ಗಣಪತಿಯ ಉಪಾಯವೊಂದು ಇಲ್ಲ ಅಷ್ಟೇ! ಶ್ರೀಲಂಕಾದ ತ್ರಿಂಕೋಮಲಿಗೂ ಹಿಂದೆ ಗೋಕರ್ಣ ಅಂತಲೇ ಹೆಸರಿತ್ತು. ಅಲ್ಲೂ ಕಡಲು, ಅಲ್ಲೂ ಶಿವ.

ಎಲ್ಲ ಊರಿನ ಹೆಸರೂ ದೇವರ ಹಿಂದೆ ಹೋಗಿದ್ದಲ್ಲ. ಸ್ಕಾಟ್ಲೆಂಡಿನಲ್ಲೊಂದು ಪಟ್ನಾ ಇದೆ. ವಿಲಿಯಂ ಫುಲ್ಲರ್ಟನ್ ಎಂಬವರು 1802ರಲ್ಲಿ ತಮ್ಮ ಜಮೀನಿನ ಕಲ್ಲಿದ್ದಲು ಕೆಲಸಗಾರರಿಗಾಗಿ ಕಟ್ಟಿಸಿದ ಹಳ್ಳಿ ಅದು. ಅವರ ತಂದೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ನಮ್ಮ ಪಟ್ನಾದಲ್ಲಿದ್ದವರು. ಅಮೆರಿಕದ ಆರೆಗಾನ್‌ನಲ್ಲಿ ಮದ್ರಾಸ್ ಇದೆ. ಅಂಗಡಿಯಲ್ಲಿದ್ದ ಮದ್ರಾಸ್ ಬಟ್ಟೆಯ ಥಾನು ನೋಡಿ ಹೆಸರಿಟ್ಟರು ಅಂತ ಅಲ್ಲಿನವರ ಕಥೆ.

ಇನ್ನು ಕೆಲವು ಸುಮ್ನೆ ಕಾಕತಾಳೀಯ. ತಮಿಳುನಾಡಿನ ಸೇಲಂ, ಅಮೆರಿಕದ ಸೇಲಂ, ಎರಡಕ್ಕೂ ಏನೇನೂ ಸಂಬಂಧವಿಲ್ಲ.

ಹೆಸರು ನಂಬಿ ಕೆಟ್ಟವರೂ ಇದ್ದಾರೆ. 2002ರಲ್ಲಿ ಬ್ರಿಟನ್ನಿನ ಇಬ್ಬರು ಆಸ್ಟ್ರೇಲಿಯಾದ ಸಿಡ್ನಿಗೆಂದು ಹೊರಟು ಕೆನಡಾದ ಸಿಡ್ನಿಯಲ್ಲಿ ಇಳಿದರು. ವಿಮಾನದ ಟಿಕೆಟ್ ತೆಗೆಯುವಾಗ ನಿಲ್ದಾಣದ ಮೂರಕ್ಷರದ ಕೋಡ್ ನೋಡಿಕೊಳ್ಳಿ. ಪಾರ್ಸೆಲ್ ಕಳಿಸುವಾಗ ಪಿನ್‌ಕೋಡ್. 1972ರಲ್ಲಿ ಅದು ಬಂದ ಕಾರಣಗಳಲ್ಲಿ ಒಂದೇ ಹೆಸರಿನ ಊರುಗಳ ಗೊಂದಲವೂ ಒಂದು. ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆ. ನಮ್ಮ ಶಿರಸಿಯದ್ದು 581401.