ಚಿಮಣಿ ಬೆಳಕಿನ ವಜ್ರ

ಕುಮಟಾದ ನಮ್ಮ ಅಜ್ಜಿಗೆ ಒಂದು ದೂರು ಇತ್ತು. "ಮನೆಗೆ ಕರೆಂಟ್ ಬಂದಮೇಲೆ ನನ್ನ ಉಂಗುರ ಮಂಕಾಯ್ತು" ಅನ್ನುತ್ತಿದ್ದಳು. ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಕಣ್ಣಿಗೆ ಪೊರೆ ಬಂದಿರಬೇಕು ಅಂತ ಅಪ್ಪ ಹೇಳುತ್ತಿದ್ದರು. ಪೊರೆ ಬಂದಿದ್ದೂ ನಿಜ, ಆಪರೇಷನ್ ಆಗಿದ್ದೂ ನಿಜ. ಆಮೇಲೂ ಅಜ್ಜಿ ಮಾತು ಬದಲಿಸಲಿಲ್ಲ.

ಆ ಉಂಗುರ ಈಗ ಶಿರಸಿಯಲ್ಲಿ ನಮ್ಮ ಮನೆಯಲ್ಲಿದೆ. ಅಜ್ಜಿಯ ಮಾವ ಮುಂಬೈಯಿಂದ ತಂದಿದ್ದಂತೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕಾರವಾರದವರಿಗೆ ಆಗ ಬೆಂಗಳೂರಿಗಿಂತ ಮುಂಬೈಯೇ ಹತ್ತಿರದ ಊರು, ಸ್ಟೀಮರ್ ಹತ್ತಿದರೆ ಆಯ್ತು. ಆ ನಂಟು ಇನ್ನೂ ಹೋಗಿಲ್ಲ. ನಮ್ಮಲ್ಲಿ ಜಾಗವನ್ನು ಗುಂಟೆಯಲ್ಲಿ ಅಳೆಯುತ್ತೇವೆ, ಮದ್ರಾಸಿನಲ್ಲೇ ಉಳಿದಿದ್ದ ದಕ್ಷಿಣ ಕನ್ನಡದವರು ಸೆಂಟ್ಸ್ ಅನ್ನುತ್ತಾರೆ. ವಜ್ರಕ್ಕೆ ಮಾತ್ರ ಎರಡೂ ಕಡೆ ಸೆಂಟೇ. ನೂರು ಸೆಂಟ್ ಅಂದ್ರೆ ಒಂದು ಕ್ಯಾರೆಟ್, ಅಂದ್ರೆ 0.2 ಗ್ರಾಂ. ಅಜ್ಜಿಯ ಕಲ್ಲು 60 ಸೆಂಟ್. ಹೆಚ್ಚುಕಡಿಮೆ ಒಂದು ಗುಲಗಂಜಿಯ ತೂಕ.

ಕೆಲವು ವರ್ಷದ ಹಿಂದೆ ಅದನ್ನು ದೊಡ್ಡ ಊರಿನ ಒಂದು ಆಭರಣದ ಅಂಗಡಿಗೆ ಒಯ್ದಿದ್ದೆ. ಕೌಂಟರಿನ ಹುಡುಗ ಭೂತಗನ್ನಡಿ ಹಿಡಿದು ನೋಡಿ, "ಹಳೇ ಕಟಿಂಗ್ ಸರ್. ದುಂಡಗಿಲ್ಲ. ನಡುವೆ ತೂತು ಬೇರೆ ಕಾಣ್ತದೆ. ಹೊಸದಾಗಿ ಕತ್ತರಿಸಿ ಕೊಡ್ತೇವೆ, 45 ಸೆಂಟ್ ಉಳಿಯಬಹುದು" ಅಂದ. ತೂತಿರುವ ವಜ್ರ ಅಂದ್ರೆ ಮನೆಯಲ್ಲಿ ಯಾರಿಗೆ ನಿದ್ದೆ ಬರುತ್ತದೆ? ನಾನೂ ಒಂದೆರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಸುಮ್ನೆ ಡಬ್ಬಿಯಲ್ಲಿಟ್ಟೆ.

ಅದು ಮತ್ತೆ ಹೊರಗೆ ಬಂದಿದ್ದು ಒಂದು ಜುಲೈ ತಿಂಗಳಲ್ಲಿ. ಕೈಗಾ, ಕದ್ರಾ, ಕೊಡಸಳ್ಳಿಯ ಕರೆಂಟ್ ತಯಾರಿಸುವ ಸ್ಥಾವರಗಳೆಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಆಷಾಢದ ಮಳೆಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದರೆ ನಮಗೆ ಎರಡು ದಿನ ಕತ್ತಲೆ. ಇನ್ವರ್ಟರೂ ಕೈಕೊಟ್ಟಿತ್ತು. ಅಟ್ಟದಿಂದ ಹಳೆಯ ಚಿಮಣಿ ಇಳಿಸಿದೆವು. ಅಜ್ಜಿಯ ಮಾತು ಯಾಕೋ ನೆನಪಾಗಿ ಉಂಗುರ ತಂದು ದೀಪದ ಎದುರು ಹಿಡಿದೆ.

ಮೊದಲು ಕಂಡಿದ್ದು ಕೆಂಪು. ಕಿಡಿಯಷ್ಟು ಚಿಕ್ಕದಲ್ಲ, ಕಲ್ಲಿನ ಕಾಲುಭಾಗ ಪೂರ್ತಿ ಕೆಂಡದ ಹಾಗೆ. ಬೆರಳು ಕೂದಲೆಳೆಯಷ್ಟು ಅಲುಗಿದರೆ ಅದು ಹೋಗಿ ಹಸಿರು. ಮತ್ತೆ ಕತ್ತಲೆ. ಮತ್ತೆ ಇನ್ನೊಂದು ಮೂಲೆಯಲ್ಲಿ ನೀಲಿ. ಪಕ್ಕದಲ್ಲಿ ಅತ್ತಿಗೆಯ ಹೊಸ ಉಂಗುರ ಹಿಡಿದೆವು. ಅದೂ ಚೆಂದ, ಆದರೆ ಬೇರೆ ಥರ. ಸಣ್ಣ ಸಣ್ಣ ಕಿಡಿಗಳು, ಸಾಸಿವೆ ಸಿಡಿದ ಹಾಗೆ.

ಅಜ್ಜಿ ಸರಿಯಾಗೇ ನೋಡಿದ್ದಳು. ವಜ್ರದೊಳಗೆ ಬೆಳಕು ನಿಧಾನವಾಗುತ್ತದೆ. ಹೊರಗೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವುದು ಒಳಗೆ ಸುಮಾರು 1.24 ಲಕ್ಷಕ್ಕೆ ಇಳಿಯುತ್ತದೆ. ವೇಗ ಬದಲಾಗುವ ಜಾಗದಲ್ಲಿ ಬೆಳಕು ಬಾಗುತ್ತದೆ. ಎಲ್ಲ ಬಣ್ಣವೂ ಒಂದೇ ಸಮ ಬಾಗುವುದಿಲ್ಲ. ನೇರಳೆ ಜಾಸ್ತಿ, ಕೆಂಪು ಕಡಿಮೆ. ಹಾಗಾಗಿ ಒಳಗೆ ಹೋದ ಒಂದು ಬಿಳಿ ಕಿರಣ ಹೊರಗೆ ಬರುವಾಗ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ಆ ಬೀಸಣಿಗೆ ನಮ್ಮ ಮುಖದ ತನಕ ಬರುವಷ್ಟರಲ್ಲಿ ಕಣ್ಣಿನ ಪಾಪೆಗಿಂತ ಅಗಲವಾಗಿದ್ದರೆ, ಒಂದು ಹೊತ್ತಿಗೆ ಒಂದೇ ಬಣ್ಣ ಒಳಗೆ ಬೀಳುತ್ತದೆ. ತಲೆ ಚೂರು ಸರಿಸಿದರೆ ಇನ್ನೊಂದು ಬಣ್ಣ.

ಇದನ್ನು ನೋಡಲು ವಜ್ರವೇ ಬೇಕಂತಿಲ್ಲ. ಚಳಿಗಾಲದ ಬೆಳಿಗ್ಗೆ ಅಡಿಕೆ ತೋಟದಂಚಿನ ಹುಲ್ಲಿನ ಮೇಲೆ ಇಬ್ಬನಿ ಕೂತಿರುತ್ತದಲ್ವಾ? ಬಿಸಿಲು ಬಿದ್ದಾಗ ಒಂದು ಹನಿಯನ್ನೇ ನೋಡುತ್ತ ತಲೆ ಅಲುಗಿಸಿ. ಕೆಂಪು, ಹಳದಿ, ಹಸಿರು, ನೀಲಿ ಸಾಲಾಗಿ ಬರುತ್ತವೆ. ಮೋಡ ಕವಿದ ದಿನ ಅದೇ ಹನಿ ಬರೀ ನೀರು. ಮೋಡದ ದಿನ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ. ಒಂದು ಕಡೆಯ ಕೆಂಪಿನ ಮೇಲೆ ಇನ್ನೊಂದು ಕಡೆಯ ನೀಲಿ ಬಿದ್ದು, ಎಲ್ಲ ಕಲಸಿ ಮತ್ತೆ ಬಿಳಿಯಾಗುತ್ತದೆ.

ಟ್ಯೂಬ್‌ಲೈಟ್ ಅಂದ್ರೆ ಮನೆಯೊಳಗಿನ ಮೋಡ. ಉದ್ದದ ಬಿಳಿ ಕೊಳವೆ, ಸುತ್ತ ಸುಣ್ಣದ ಗೋಡೆ. ಬಣ್ಣ ಬೇರೆಯಾಗಿ ಕಾಣಲು ದಾರಿಯೇ ಇಲ್ಲ. ಚಿಮಣಿಯದು ಚಿಕ್ಕ ಜ್ವಾಲೆ, ಸುತ್ತ ಕತ್ತಲೆ. ಆಭರಣದ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಅವರ ಚಾವಣಿ ತುಂಬ ಚುಕ್ಕಿ ಚುಕ್ಕಿ ದೀಪಗಳು. ಅಲ್ಲಿ ಮಿಂಚಿದ್ದು ಮನೆಗೆ ಬಂದಮೇಲೆ ಸಪ್ಪೆಯಾದರೆ ಕಲ್ಲು ಬದಲಾಯಿಸಿದರೇನೋ ಅಂತ ಅನುಮಾನ ಪಡಬೇಡಿ.

ಇದೇ ಪೇಚಿಗೆ ಕೊಹಿನೂರ್ ಕೂಡ ಸಿಕ್ಕಿತ್ತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದು ಕ್ರಿಸ್ಟಲ್ ಪ್ಯಾಲೇಸಿನಲ್ಲಿ. ಹೆಸರೇ ಹೇಳುವ ಹಾಗೆ ಪೂರ್ತಿ ಗಾಜಿನ ಕಟ್ಟಡ. ಮೇಲಿಂದ, ಪಕ್ಕದಿಂದ, ಎಲ್ಲ ಕಡೆಯಿಂದ ಹಗಲು ಬೆಳಕು. ಸಾಲಿನಲ್ಲಿ ನಿಂತು ನೋಡಿದ ಜನಕ್ಕೆ ನಿರಾಸೆ, ಇದೇನು ಗಾಜಿನ ತುಂಡಾ ಅಂತ. ಕೊನೆಗೆ ಸುತ್ತ ಬಟ್ಟೆ ಕಟ್ಟಿ ಕತ್ತಲೆ ಮಾಡಿ ಒಳಗೆ ಗ್ಯಾಸ್ ದೀಪ ಹಚ್ಚಿ ನೋಡಿದರು. ಅದೂ ಸಮಾಧಾನವಾಗಲಿಲ್ಲ. ಮರುವರ್ಷ, 1852ರಲ್ಲಿ, ಆಮ್‌ಸ್ಟರ್‌ಡಾಮಿನ ಕೆಲಸಗಾರರನ್ನು ಕರೆಸಿ ಹೊಸ ರೀತಿಯಲ್ಲಿ ಕತ್ತರಿಸಿದರು. ಇಂದಿನ ಲೆಕ್ಕದಲ್ಲಿ ಸುಮಾರು 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ನನಗೆ ಇದು ಕಲ್ಲಿನ ತಪ್ಪಿಗಿಂತ ಕಟ್ಟಡದ ತಪ್ಪು ಅನಿಸುತ್ತದೆ. ಶಿಕ್ಷೆ ಮಾತ್ರ ಕಲ್ಲಿಗೆ.

ಹಳೆಯ ಕಲ್ಲು ದುಂಡಗೆ ಯಾಕಿಲ್ಲ ಅನ್ನುವುದಕ್ಕೆ ಅದು ಹುಟ್ಟಿದ ಆಕಾರ ನೋಡಬೇಕು. ಒಳ್ಳೆಯ ವಜ್ರ ನೆಲದಿಂದ ಬರುವಾಗ ಎರಡು ಪಿರಮಿಡ್ ಬುಡಕ್ಕೆ ಬುಡ ಅಂಟಿಸಿದ ಹಾಗಿರುತ್ತದೆ. ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚು. ನಮ್ಮ ಹಳೆಯ ರತ್ನಶಾಸ್ತ್ರದವರು ಈ ಲೆಕ್ಕವನ್ನೇ ಉತ್ತಮ ವಜ್ರದ ಲಕ್ಷಣ ಅಂದಿದ್ದರು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಗಣಿ ಸಿಗುವ ತನಕ ಜಗತ್ತಿನ ವಜ್ರ ಹೆಚ್ಚುಕಡಿಮೆ ಎಲ್ಲ ನಮ್ಮ ದೇಶದಿಂದಲೇ ಹೋಗುತ್ತಿತ್ತು. ಹಾಗಾಗಿ ಅವರು ನೋಡಿದ್ದಕ್ಕೇನೂ ಕಮ್ಮಿ ಇರಲಿಲ್ಲ.

ಇನ್ನು ಕೆಲಸ. ವಜ್ರವನ್ನು ಸವೆಸಲು ವಜ್ರವೇ ಬೇಕು. ಎರಡು ಕಲ್ಲನ್ನು ಎರಡು ಕೋಲಿನ ತುದಿಗೆ ಅರಗಿನ ಥರದ ಅಂಟಿನಿಂದ ಕೂರಿಸಿ, ಗಂಧ ತೇಯ್ದ ಹಾಗೆ ಒಂದಕ್ಕೊಂದು ಉಜ್ಜುತ್ತಿದ್ದರು. ಕೆಳಗೆ ಪೆಟ್ಟಿಗೆ, ಉದುರಿದ ಪುಡಿ ಒಂದು ಚೂರೂ ಹಾಳಾಗಬಾರದು. ಅದೇ ಪುಡಿಗೆ ಎಣ್ಣೆ ಕಲಸಿ, ತಿರುಗುವ ಎರಕದ ಕಬ್ಬಿಣದ ಚಕ್ರಕ್ಕೆ ಹಚ್ಚಿ ಸಾಣೆ ಹಿಡಿಯುವುದು. ಒಂದು ಮುಖ ಮುಗಿದಮೇಲೆ ಕಲ್ಲನ್ನು ಬಿಚ್ಚಿ, ತಿರುಗಿಸಿ, ಮತ್ತೆ ಕೂರಿಸಿ ಇನ್ನೊಂದು. ಹೀಗೆ 58 ಮುಖ. ಕೋನ ಅಳೆಯಲು ಕಣ್ಣೇ ಅಳತೆಗೋಲು.

ವಜ್ರವನ್ನು ವಜ್ರ ಹೇಗೆ ಸವೆಸುತ್ತದೆ? ಎರಡೂ ಅಷ್ಟೇ ಗಟ್ಟಿ ಅಲ್ವಾ? ಅಲ್ಲ, ಇಲ್ಲೇ ಇರುವುದು ಗುಟ್ಟು. ನಮ್ಮ ಶಿರಸಿಯ ಗುಡಿಗಾರರು ಗಂಧದ ಕೊರಡು ಕೈಗೆ ಬಂದ ಕೂಡಲೇ ಉಳಿ ಹಾಕುವುದಿಲ್ಲ. ತಿರುಗಿಸಿ ತಿರುಗಿಸಿ ನಾರು ಎತ್ತ ಓಡಿದೆ ನೋಡುತ್ತಾರೆ. ವಜ್ರಕ್ಕೂ ಹಾಗೆ ನಾರಿದೆ. ಅದರೊಳಗಿನ ಇಂಗಾಲದ ಪರಮಾಣುಗಳು ಸಾಲುಸಾಲಾಗಿ ಕೂತಿವೆ. ಒಂದು ದಿಕ್ಕಿನಲ್ಲಿ ಉಜ್ಜಿದರೆ ಸವೆಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ದಿನವಿಡೀ ಉಜ್ಜಿದರೂ ಚಕ್ರವೇ ಹಾಳು. ಪುಡಿಯಲ್ಲಿ ಕಣಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಗಟ್ಟಿ ಮಗ್ಗುಲು ಹೊರಗಿರುವ ಕಣಗಳು ಕಲ್ಲಿನ ಮೆದು ದಿಕ್ಕನ್ನು ಕೊರೆಯುತ್ತವೆ. ಮತ್ತೆ ಆ ಎಂಟು ಮುಖಗಳಲ್ಲಿ ಒಂದಕ್ಕೆ ಸಮಾನಾಂತರವಾಗಿ ಒಂದು ಪೆಟ್ಟು ಬಿದ್ದರೆ ವಜ್ರ ಸೌದೆಯ ಹಾಗೆ ಸೀಳುತ್ತದೆ. ವಜ್ರ ಗಟ್ಟಿ ನಿಜ, ಒರಳಲ್ಲಿ ಹಾಕಿ ಕುಟ್ಟಲು ಮಾತ್ರ ಹೋಗಬೇಡಿ.

ಮೋಟರ್ ಗರಗಸ ಬಂದಿದ್ದು 20ನೇ ಶತಮಾನದ ಶುರುವಿನಲ್ಲಿ. ಅದಕ್ಕೂ ಮೊದಲು ಪಿರಮಿಡ್ಡನ್ನು ಅಡ್ಡ ಕೊಯ್ಯುವುದು ಸುಲಭವಿರಲಿಲ್ಲ. ಇರುವ ಆಕಾರವನ್ನೇ ಒಪ್ಪಿಕೊಂಡು ಹೋಗಬೇಕಿತ್ತು. ಅದಕ್ಕೇ ಹಳೆಯ ಕಲ್ಲು ಮೆತ್ತೆಯ ಹಾಗೆ ಚೌಕದುಂಡು. ನೆತ್ತಿ ಎತ್ತರ, ಮೇಲಿನ ಚಪ್ಪಟೆ ಮುಖ ಚಿಕ್ಕದು, ಹೊಟ್ಟೆ ಆಳ. ಎತ್ತರದ ನೆತ್ತಿಯ ಓರೆ ಜಾಸ್ತಿ, ಆದ್ದರಿಂದ ಬಣ್ಣದ ಬೀಸಣಿಗೆ ಅಗಲವಾಗಿ ಬಿಚ್ಚುತ್ತದೆ. ಮುಖಗಳು ದೊಡ್ಡ ದೊಡ್ಡದು, ಆದ್ದರಿಂದ ಮಿಂಚೂ ದೊಡ್ಡದು. ತೂಕ ಉಳಿಸಲು ಮಾಡಿದ ಕೆಲಸ ದೀಪದ ಬೆಳಕಿಗೂ ಒಪ್ಪಿತು.

ಆ 'ತೂತು'? ಕಲ್ಲಿನ ಕೆಳತುದಿ ಚೂಪಾಗಿದ್ದರೆ ಮುಕ್ಕಾಗುತ್ತದೆ ಅಂತ ಅಲ್ಲೊಂದು ಪುಟ್ಟ ಮುಖ ಉಜ್ಜಿ ಚಪ್ಪಟೆ ಮಾಡುತ್ತಿದ್ದರು. ವಜ್ರದೊಳಗಿನ ಬೆಳಕು 24 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಗೋಡೆಗೆ ಬಡಿದರೆ ಹೊರಗೆ ಹೋಗಲಾರದೆ ತಿರುಗಿ ಬರುತ್ತದೆ. ಗಾಜಿನಲ್ಲಿ ಇದಕ್ಕೆ 42 ಡಿಗ್ರಿಯಾದರೂ ಓರೆ ಬೇಕು. ಅದಕ್ಕೇ ಗಾಜು ಅಷ್ಟು ಹೊಳೆಯುವುದಿಲ್ಲ. ಆದರೆ ಆ ಪುಟ್ಟ ತಳಮುಖ ಮೇಲಿನ ಮುಖಕ್ಕೆ ಸರಿ ಎದುರು ಇರುತ್ತದೆ. ನೇರ ಬಂದ ಬೆಳಕು ಅಲ್ಲಿಂದ ನೇರ ಹೊರಗೆ ಹೋಗಿಬಿಡುತ್ತದೆ. ತಿರುಗಿ ಬರುವುದು ಏನೂ ಇಲ್ಲ, ನಮಗೆ ಕಪ್ಪು ಚುಕ್ಕಿ ಕಾಣುತ್ತದೆ. ತೂತೂ ಅಲ್ಲ, ಮಣ್ಣೂ ಅಲ್ಲ.

1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಅನ್ನುವ ಯುವ ಎಂಜಿನಿಯರ್, ವಜ್ರ ಕತ್ತರಿಸುವ ಮನೆತನದವನು, ಬೆಳಕಿನ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದ. ಮೇಲಿನ ಓರೆ 34.5 ಡಿಗ್ರಿ, ಕೆಳಗಿನದು 40.75. ಇವತ್ತಿನ ದುಂಡು ವಜ್ರಕ್ಕೆ ಆ ಲೆಕ್ಕವೇ ಅಡಿಪಾಯ. ಈಗ ವಜ್ರ ಕತ್ತರಿಸುವ ಸೂರತ್ತಿನಲ್ಲಿ ಕಂಪ್ಯೂಟರು, ಲೇಸರು. ಅತ್ತಿಗೆಯ ಉಂಗುರ ಟ್ಯೂಬ್‌ಲೈಟಿನಲ್ಲೂ ಬೆಳ್ಳಗೆ ಹೊಳೆಯುವುದು ಇದರಿಂದಲೇ. ಅದರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಅದರ ಜೊತೆಯ ಸಾವಿರ ಕಲ್ಲಿನಲ್ಲಿ ಅದನ್ನು ಗುರುತು ಹಿಡಿ ಅಂದ್ರೆ ನನ್ನಿಂದಾಗದು.

ಹಳೆಯ ಕಲ್ಲು ಮನೆಯಲ್ಲಿದ್ದರೆ ಮೊದಲು ತೊಳೆಯಿರಿ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂದ್ರೆ ಪ್ರಾಣ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಮಣ್ಣುನೀರು ಹರಿಸಿ ವಜ್ರ ಹಿಡಿಯುತ್ತಿದ್ದರು. ಕರಾವಳಿಯ ಅಡುಗೆಮನೆಯ ಕೊಬ್ಬರಿಎಣ್ಣೆಗೆ ಏನಾಗಬಹುದು ನೀವೇ ಲೆಕ್ಕ ಹಾಕಿ. ಬೆಚ್ಚಗಿನ ಅಂಟುವಾಳದ ನೀರು, ಮೆತ್ತನೆ ಬ್ರಷ್ ಸಾಕು. ಆದರೆ ಹಿಂದೆ ಮುಚ್ಚಿ ಕಟ್ಟಿದ ಹಳೆಯ ಬೆಂಡೋಲೆ, ಮೂಗುಬೊಟ್ಟುಗಳನ್ನು ನೀರಲ್ಲಿ ಅದ್ದಬೇಡಿ. ಕಲ್ಲಿನ ಕೆಳಗೆ ಹೊಳಪಿಗೆ ಬೇಗಡೆ ಇಟ್ಟಿರುತ್ತಾರೆ. ನೀರು ನುಗ್ಗಿದರೆ ಅದು ಕಪ್ಪಾಗುತ್ತದೆ.

ನಾನು ಈಚೆಗೆ ಉಂಗುರವನ್ನು ಕಾರವಾರದಲ್ಲಿ ಚಿನ್ನದ ಕೆಲಸ ಮಾಡುವ ಹಿರಿಯ ಶೇಟರೊಬ್ಬರ ಹತ್ತಿರ ಒಯ್ದೆ, ಕಲ್ಲನ್ನು ಹಿಡಿಯುವ ಚಿನ್ನದ ಕಾಲು ಸಡಿಲಾಗಿತ್ತು. ಕಲ್ಲು ಬಿಚ್ಚಿದಾಗ ಅವರು ಹತ್ತು ಪಟ್ಟಿನ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಕಲ್ಲಿನ ಸೊಂಟದ ಅಂಚು ನೋಡಿ ಅಂದರು. ಒಂದು ಕಡೆ ಎಳ್ಳಿನ ತುಣುಕಿನಷ್ಟು ಜಾಗ ಒರಟಾಗಿತ್ತು. ಅದರ ಮೇಲೆ ಸಣ್ಣ ಸಣ್ಣ ತ್ರಿಕೋನಗಳು. ವಜ್ರ ನೆಲದಡಿ 150 ಕಿಲೋಮೀಟರಿಗೂ ಆಳದಿಂದ ಕರಗಿದ ಬಂಡೆಯ ಜೊತೆ ಮೇಲೆ ಬರುವಾಗ ಆ ಬಿಸಿ ದ್ರವ ಅದರ ಮೈಯನ್ನು ಕೊರೆದ ಗುರುತು. ಸಾಣೆ ಹಿಡಿದವನು ತೂಕ ಕಳೆಯಬಾರದೆಂದು ಅಷ್ಟು ಮೂಲ ಸಿಪ್ಪೆ ಹಾಗೇ ಬಿಟ್ಟಿದ್ದ.

"ಪಾಲಿಶ್ ಮಾಡಿಸಿ ತೆಗೆಸೂದಾ?" ಅಂತ ಶೇಟರು ಕೇಳಿದರು.

ಇರಲಿ ಬಿಡಿ ಅಂದೆ. ಅವರು ಕಾಲು ಬಗ್ಗಿಸಿ ಕಲ್ಲು ಕೂರಿಸಿದರು. ತ್ರಿಕೋನಗಳು ಚಿನ್ನದ ಕೆಳಗೆ ಹೋದವು.